ಭಾವನ ಭೂತಗನ್ನಡಿ ಮತ್ತು ಹವಾಯಿ ಡಾಲರ್

ನಮ್ಮ ಭಾವನನ್ನು ಕಂಡರೆ ಆಗದವರೆಲ್ಲ ಸೇರಿ ಒಂದು ಸಂಘ ಕಟ್ಟಿದರೆ ಸಿಡ್ನಿ ಶಾಖೆಗೆ ನಾನೇ ಅಧ್ಯಕ್ಷ. ಮೆಲ್ಬರ್ನ್ ಶಾಖೆಯನ್ನು ಅವರ ಹೆಂಡತಿ, ಅಂದರೆ ನನ್ನ ಸ್ವಂತ ಅಕ್ಕ, ಸಂತೋಷವಾಗಿ ವಹಿಸಿಕೊಳ್ಳುತ್ತಾಳೆ. ಅವರೇನು ಕುಡಿಯುತ್ತಾರೆಯೇ? ಜೂಜಾಡುತ್ತಾರೆಯೇ? ಹಾಗಿದ್ದರೆ ಬೈಯುವುದಾದರೂ ಸುಲಭವಾಗುತ್ತಿತ್ತು. ಅವರು ಹಳೆಯ ಅಮೆರಿಕನ್ ನೋಟುಗಳ ಜಾತಿ ಗುರುತಿಸುತ್ತಾರೆ!

ಮೆಲ್ಬರ್ನ್ ಅಂಚಿನ ವಿಂಡಮ್ ವೇಲ್‌ನ ಹೊಸ ಮನೆಯಲ್ಲಿ ಕಣ್ಣಿಗೆ ಭೂತಗನ್ನಡಿ ಹಿಡಿದು, ನೀಲಿ ಮೊಹರಿನ ಡಾಲರ್ ಬೇರೆ, ಕೆಂಪು ಮೊಹರಿನದು ಬೇರೆ ಎಂದು ವಿಂಗಡಿಸುವುದೇ ಅವರ ಶನಿವಾರ, ಭಾನುವಾರ. ನಂಬರಿನ ಪಕ್ಕ ನಕ್ಷತ್ರವಿದ್ದರೆ ಅದಕ್ಕೊಂದು ಕುಲ, ಖಜಾನೆ ಅಧಿಕಾರಿಯ ಸಹಿ ಬದಲಾದರೆ ಇನ್ನೊಂದು. ಎಲ್ಲೆಲ್ಲಿಯ ಸಂಗ್ರಾಹಕರೋ ಇವರಿಗೆ ನೋಟು ಕಳಿಸಿ ಅಭಿಪ್ರಾಯ ಕೇಳುತ್ತಾರಂತೆ. ಸ್ವಂತ ಮಗಳು ಯಾವ ಕ್ಲಾಸು ಎಂದು ಕೇಳಿ ನೋಡಿ, ಅಕ್ಕನ ಮುಖ ನೋಡುತ್ತಾರೆ.

ಅದನ್ನೂ ಸಹಿಸಬಹುದು. ಸಹಿಸಲಾಗದ್ದು ಅವರ ಬಾಯಿ. ಒಮ್ಮೆ ಅವರು ನಮ್ಮಲ್ಲಿಗೆ ಬಂದಿದ್ದಾಗ ನಾರ್ತ್ ಸಿಡ್ನಿಯ ನನ್ನ ಆಫೀಸಿನ ಮ್ಯಾನೇಜರ್ ನಮ್ಮನ್ನೆಲ್ಲ ಊಟಕ್ಕೆ ಕರೆದಿದ್ದರು. ಮೈಸೂರಿನವರು, ನನ್ನ ಪ್ರಮೋಷನ್ ಅವರ ಕೈಯಲ್ಲಿತ್ತು. ಗೋಡೆಯ ಮೇಲೆ ಅವರ ಮಾವ ಕೊಟ್ಟ ನೂರು ವರ್ಷ ಹಳೆಯ ಡಾಲರ್ ಕಟ್ಟು ಹಾಕಿಸಿಕೊಂಡು ಮೆರೆಯುತ್ತಿತ್ತು. ಭಾವ ಹತ್ತಿರ ಹೋಗಿ ನೋಡಿದರು.

"ಸರ್, ಇದು ಕಲರ್ ಜೆರಾಕ್ಸು. ಫ್ರೇಮ್ ಮಾತ್ರ ಒರಿಜಿನಲ್."

ವಾಪಸ್ ಬರುವಾಗ ಕಾರಿನಲ್ಲಿ ನಾನು ಕುದಿಯುತ್ತಿದ್ದೆ. "ಒಂದು ಸುಳ್ಳು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಭಾವ?"

"ನೋಟಿನ ವಿಷಯದಲ್ಲಿ ಸುಳ್ಳು ಹೇಳೋಕಾಗಲ್ಲ ಕಣಯ್ಯ," ಎಂದು ಕಿಟಕಿಯ ಗಾಜು ಇಳಿಸಿದರು. ಆ ವರ್ಷ ಪ್ರಮೋಷನ್ ಬೇರೆಯವರಿಗೆ ಹೋಯಿತು.

ಇನ್ನು ನೆರೆಮನೆಯ ಅಜ್ಜಿಯ ವಿಷಯ. ಬ್ಲ್ಯಾಕ್‌ಟೌನ್‌ನ ನಮ್ಮ ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಒಬ್ಬ ಆಸ್ಟ್ರೇಲಿಯನ್ ಅಜ್ಜಿ ಒಂಟಿಯಾಗಿದ್ದರು. ಒಂದು ದಿನ ಬೇಲಿಯ ಆಚೆಯಿಂದ ನನ್ನ ಮಗಳಿಗೆ ಆಟಕ್ಕೆಂದು ಒಂದು ಹಳೆಯ ಅಮೆರಿಕನ್ ಡಾಲರ್ ನೋಟು ಕೊಟ್ಟರು. ಎರಡನೇ ಮಹಾಯುದ್ಧದ ಕಾಲದಲ್ಲಿ ರಜೆಗೆ ಸಿಡ್ನಿಗೆ ಬಂದಿದ್ದ ಅಮೆರಿಕನ್ ಸೈನಿಕನೊಬ್ಬ, ಮದುವೆಯಾಗುತ್ತೇನೆ ಎಂದು ಗುರುತಿಗೆ ಕೊಟ್ಟು ಹೋದದ್ದಂತೆ. ಅಜ್ಜಿಯ ಅಣ್ಣ ಅದನ್ನು ನೋಡಿ ನಕ್ಕುಬಿಟ್ಟ. ಹಿಂಬದಿಯಲ್ಲಿ ಅಷ್ಟಗಲಕ್ಕೆ 'ಹವಾಯಿ' ಎಂದು ಅಚ್ಚಾಗಿದೆ, ಯಾವ ಸರ್ಕಾರ ದುಡ್ಡಿನ ಮೇಲೆ ಹೀಗೆ ಊರಿನ ಹೆಸರು ಒತ್ತುತ್ತದೆ? ನೋಟೂ ಖೋಟಾ, ಕೊಟ್ಟವನೂ ಖೋಟಾ ಎಂದ. ಆಮೇಲೆ ಆ ಸೈನಿಕನಿಂದ ಬಂದ ಮೂರು ಕಾಗದಗಳನ್ನೂ ಅಜ್ಜಿ ಒಡೆಯದೆ ವಾಪಸ್ ಕಳಿಸಿದರು. ಬೇರೆ ಮದುವೆಯನ್ನೂ ಆಗಲಿಲ್ಲ. "ಅರವತ್ತು ವರ್ಷದಿಂದ ಅವನನ್ನು ಬೈದುಕೊಂಡೇ ಗಟ್ಟಿಯಾಗಿದ್ದೀನಿ," ಎಂದು ನಕ್ಕರು.

ವರಮಹಾಲಕ್ಷ್ಮಿ ಹಬ್ಬದ ದಿನ ನನ್ನ ಹೆಂಡತಿ ಕಳಶದ ಮುಂದೆ ತಟ್ಟೆಯಲ್ಲಿ ನಮ್ಮ ನೋಟುಗಳ ಜೊತೆ ಅಜ್ಜಿ ಕೊಟ್ಟ ಡಾಲರನ್ನೂ ಇಟ್ಟು, ಎಲ್ಲಕ್ಕೂ ಅರಿಸಿನ ಕುಂಕುಮ ಹಚ್ಚಿದಳು. ಮೆಲ್ಬರ್ನ್‌ನಿಂದ ಹಬ್ಬಕ್ಕೆ ಬಂದಿದ್ದ ಭಾವ ನಮಸ್ಕಾರಕ್ಕೆ ಬಗ್ಗಿದವರು ಬಗ್ಗಿಯೇ ಉಳಿದರು.

"ಯಾರಮ್ಮ ಇದಕ್ಕೆ ಕುಂಕುಮ ಹಚ್ಚಿದ್ದು?"

"ಲಕ್ಷ್ಮಿ ಅಲ್ವಾ ಅಣ್ಣಾ. ಖೋಟಾ ಆದ್ರೇನಂತೆ," ಎಂದಳು ನನ್ನ ಹೆಂಡತಿ.

"ಖೋಟಾ ಅಂತ ಯಾರು ಹೇಳಿದ್ದು?"

ಪೂಜೆ ನಿಂತಿತು. ನೈವೇದ್ಯದ ಹೋಳಿಗೆ ಆರಿತು. ಭಾವ ಬ್ರಷ್ಷಿನಿಂದ ಕುಂಕುಮ ಉದುರಿಸುತ್ತ ಒಂದು ಗಂಟೆ ಕುಳಿತರು. ಈ ಜಾತಿಯ ನೋಟಿನ ಮೊಹರು ಸಾಮಾನ್ಯವಾಗಿ ನೀಲಿ, ಇದರದ್ದು ಕಂದು. ಹವಾಯಿ ಎಲ್ಲಿ ಜಪಾನಿನ ಕೈಗೆ ಹೋಗುತ್ತದೋ ಎಂಬ ಭಯಕ್ಕೆ ಅಮೆರಿಕ ಸರ್ಕಾರವೇ ಹೆಸರು ಒತ್ತಿ ಹಂಚಿದ್ದು, ಶತ್ರುವಿಗೆ ಸಿಕ್ಕರೆ ಆ ಗುರುತಿನವನ್ನೆಲ್ಲ ರದ್ದು ಮಾಡಬಹುದಲ್ಲ. ನೂರಕ್ಕೆ ನೂರು ಅಸಲಿ ಎಂದು ಎದ್ದರು.

ನಾನು ಅಡ್ಡ ನಿಂತೆ. ಅಜ್ಜಿಯ ಕಥೆ ಹೇಳಿ ಕೈ ಮುಗಿದೆ. "ಬಿಟ್ಬಿಡಿ ಭಾವ, ಅಜ್ಜಿಗೆ ಹೇಳ್ಬೇಡಿ. ಅವನು ಒಳ್ಳೆಯವನಾಗಿದ್ದ ಅಂತ ಈ ವಯಸ್ಸಲ್ಲಿ ಗೊತ್ತಾದ್ರೆ ಅವ್ರು ಏನ್ ಮಾಡ್ಕೋಬೇಕು?"

"ಅವನ ಹೆಸರು ಕೆಟ್ಟಿದೆಯಲ್ಲಯ್ಯ. ಅವನ ಪರವಾಗಿ ಹೇಳೋರು ಯಾರು?"

"ನಿಮಗೆ ಮನುಷ್ಯರು ಕಾಣೋದೇ ಇಲ್ವಾ?" ಎಂದು ಹಬ್ಬದ ದಿನ ನಾನು ಅರಚಿದೆ. ಅಷ್ಟರಲ್ಲಿ ಅವರು ಪಂಚೆಯಲ್ಲೇ ಪಕ್ಕದ ಮನೆಯ ಬಾಗಿಲು ತಟ್ಟಿಯಾಗಿತ್ತು. ಹಿಂದೆಯೇ ಓಡಿದೆ.

ಒಂದನ್ನೂ ಮುಚ್ಚಿಡಲಿಲ್ಲ ಪುಣ್ಯಾತ್ಮ. ನೋಟು ಅಸಲಿ ಎಂದರು, ಕುಂಕುಮದಿಂದ ಬೆಲೆ ಬಿದ್ದಿದೆ, ಕ್ಷಮಿಸಿ ಎಂದೂ ಹೇಳಿದರು. ಅಜ್ಜಿ ನನ್ನ ಕಡೆ ತಿರುಗಿ, ತಮ್ಮ ಸಮಾಧಾನಕ್ಕೆ ಹೀಗೆ ಹೇಳುತ್ತಿದ್ದಾರೆಯೇ ಎಂದು ಕೇಳಿದರು. ಈ ಮನುಷ್ಯ ಇವತ್ತಿನವರೆಗೆ ಯಾರ ಸಮಾಧಾನಕ್ಕೂ ಏನನ್ನೂ ಹೇಳಿಲ್ಲ ಎಂದೆ. ನನ್ನ ಪಾಲಿನ ಸತ್ಯವನ್ನು ನಾನೂ ಹೇಳಬೇಕಾಯಿತು.

ಅಜ್ಜಿ ಮೆಟ್ಟಿಲ ಮೇಲೆ ಕುಳಿತರು. "ಹಾಗಾದರೆ ಆ ಕಾಗದಗಳಲ್ಲಿ..." ಎಂದು ಅಲ್ಲಿಗೇ ನಿಲ್ಲಿಸಿದರು. ನನಗೆ ಭಾವನ ಕತ್ತು ಹಿಸುಕುವಷ್ಟು ಕೋಪ ಬಂದಿತ್ತು.

ಭಾವ ಪಂಚೆ ಸರಿಪಡಿಸಿಕೊಂಡು ಅವರ ಪಕ್ಕದಲ್ಲೇ ಕುಳಿತರು. ನೋಟನ್ನು ಅವರ ಕೈಗಿಟ್ಟು, ಅವನು ಹೇಗಿದ್ದ ಎಂದು ಮೆಲ್ಲಗೆ ಕೇಳಿದರು. ಅಜ್ಜಿ ನೋಟನ್ನು ತಿರುಗಿಸಿ 'ಹವಾಯಿ' ಅಕ್ಷರಗಳ ಮೇಲೆ ಬೆರಳಾಡಿಸಿದರು. ನಿಂತಿದ್ದ ನನಗೆ ಅಳು ಒತ್ತರಿಸಿ ಬಂತು, ಕೋಪ ಎಲ್ಲಿ ಹೋಯಿತೋ ತಿಳಿಯಲಿಲ್ಲ.

"ಅವನಿಗೆ ಡ್ಯಾನ್ಸ್ ಬರುತ್ತಿರಲಿಲ್ಲ," ಎಂದರು ಕೊನೆಗೆ. "ನನ್ನ ಕಾಲು ತುಳಿಯುತ್ತಿದ್ದ. ಪ್ರತಿ ಸಲವೂ ನಿಂತು, ನೋವಾಯಿತಾ ಎಂದು ಕೇಳುತ್ತಿದ್ದ."