ಗೇಟು ಬಿದ್ದಾಗ ಹುಟ್ಟಿದ ಅರ್ಥಗಳು

ನಮ್ಮ ಮಾವನ ಮುಂದೆ ನಿಜ ಹೇಳಿ ಗೆದ್ದವರು ಈ ಭೂಮಿ ಮೇಲೆ ಒಬ್ಬರೂ ಇಲ್ಲ! ಹಾಗಂತ ಅವರೇನು ವಕೀಲರಲ್ಲ ಕಣ್ರೀ. ನನ್ನ ತಾಯಿಗೆ ಖಾಸಾ ಅಣ್ಣ, ಶಿವನಿ ಕಡೆಯ ರೈಲ್ವೆ ಗೇಟಿನ ಪಕ್ಕದಲ್ಲಿ ಪಂಕ್ಚರ್ ಅಂಗಡಿ ಇಟ್ಟಿರೋರು. ಆದರೆ ಆ ಅಂಗಡಿಯಲ್ಲಿ ಟ್ಯೂಬಿಗಿಂತ ಹೆಚ್ಚು ಪ್ಯಾಚ್ ಬಿದ್ದಿರೋದು ಕನ್ನಡ ಭಾಷೆಗೆ!

ಅದು ಹೇಗೆ ಅಂತೀರಾ? ಒಂದು ಸಲ ಕಡೂರಿನ ಗುಜರಿ ಅಂಗಡಿಗೆ ಹಳೇ ಟ್ಯೂಬು ತರಲು ಹೋದವರು ರಟ್ಟು ಕಿತ್ತುಹೋದ ದಪ್ಪ ನಿಘಂಟೊಂದನ್ನು ತೂಕಕ್ಕೆ ಹಾಕಿಸಿಕೊಂಡು ಬಂದರು. ಟ್ಯೂಬು ಮರೆತೇ ಬಂದರು! ಅವತ್ತಿನಿಂದ ಶುರುವಾಯ್ತು ನೋಡಿ ಆಟ. ದಿನಾ ಬೆಳಿಗ್ಗೆ ಯಾರೂ ಕೇಳಿರದ ಒಂದು ಪದ ಆರಿಸಿ, ಕರಿ ಹಲಗೆ ಮೇಲೆ ಬರೆದು ಅಂಗಡಿ ಮುಂದೆ ತೂಗುಹಾಕೋರು. ಗೇಟು ಬಿತ್ತೋ, ಬೈಕು ಟ್ರ್ಯಾಕ್ಟರು ಬಸ್ಸು ಸಾಲಾಗಿ ನಿಂತವೋ, ಮಾವ ಸ್ಪ್ಯಾನರ್ ಹಿಡಿದು ರಸ್ತೆಗೇ ಇಳಿದುಬಿಡೋರು.

"ಹೇಳ್ರಪ್ಪಾ ಅರ್ಥ! ಗೊತ್ತಿಲ್ದಿದ್ರೆ ಹುಟ್ಸಿ ಹೇಳ್ರೋ!"

ನಿಂತವರು ಬಾಯಿಗೆ ಬಂದ ಅರ್ಥ ಹೇಳಬೇಕು. ಆ ಸುಳ್ಳುಗಳ ಮಧ್ಯೆ ನಿಜವಾದ ಅರ್ಥವೂ ಒಂದಿರಬೇಕು. ಅದನ್ನು ಏನೂ ಅರಿಯದವನ ಹಾಗೆ ಹೇಳೋ ಕೆಲಸ ನಂದು. ಅಜ್ಜಂಪುರದಿಂದ ದಿನಾ ಅದೇ ದಾರಿಯಲ್ಲಿ ಓಡಾಡೋನಲ್ಲವೇ ನಾನು, ಮಾವ ಅದನ್ನು ಚೀಟಿಯಲ್ಲಿ ಬರೆದು ಮೊದಲೇ ನನ್ನ ಜೇಬಿಗೆ ತುರುಕಿರೋರು. ಯಾವುದು ನಿಜ ಅನ್ನಿಸುತ್ತೋ ಅದಕ್ಕೆ ಜನ ಹಾರ್ನ್ ಹೊಡೆದು ಓಟು ಹಾಕಬೇಕು. ಹೆಚ್ಚು ಹಾರ್ನ್ ಬಿದ್ದವನ ಗಾಡಿಗೆ ಬಿಟ್ಟಿ ಗಾಳಿ!

ಮೊದಲ ದಿನದ ಪದ 'ಅಡಕಿಲು'. ಸಿಂಗಟಗೆರೆಯ ಕೊಬ್ಬರಿ ವ್ಯಾಪಾರಿಯೊಬ್ಬರು ಲಗೇಜ್ ಆಟೋದಿಂದ ತಲೆ ಹೊರಗೆ ಹಾಕಿ, "ಅಡಕಿಲು ಅಂದ್ರೆ ಕೊಬ್ಬರಿ ಮೂಟೆ ಮೇಲೆ ಮಲಗಿದೋನ ಬೆನ್ನಿಗೆ ಬೀಳೋ ಅಚ್ಚು!" ಅಂದರು. ತರೀಕೆರೆಯ ಲಾರಿ ಡ್ರೈವರ್, "ಅಲ್ಲ ಅಲ್ಲ, ಮದುವೆ ಮನೇಲಿ ಎರಡು ಪಂಕ್ತೀಲೂ ಊಟಕ್ಕೆ ಕೂತೋನು!" ಅಂದ. ನಾನು ಮೆಲ್ಲಗೆ, "ಒಂದರ ಮೇಲೊಂದು ಪೇರಿಸಿಟ್ಟ ಗಡಿಗೆಗಳು" ಅಂದೆ. ಲಾರಿಗೆ ಎಂಟು ಹಾರ್ನ್. ನನಗೆ? ಸೊನ್ನೆ!

ಲಾರಿಯವನು ನನ್ನ ಹೆಗಲು ತಟ್ಟಿ, "ಬೇಜಾರ್ ಮಾಡ್ಕೋಬೇಡ ಕಣಪ್ಪಾ, ಸುಳ್ಳು ಹೇಳೋಕೂ ಒಂದು ಕಳೆ ಬೇಕು ಮುಖದಾಗೆ" ಅಂತ ಸಮಾಧಾನ ಬೇರೆ ಹೇಳಿದ!

ಇನ್ನೊಂದು ದಿನ ಅಮಲ್ದಾರರ ಜೀಪು ಸಿಕ್ಕಿಕೊಂಡಿತು. ಹಲಗೆ ಮೇಲೆ 'ಬಿಸವಂದ'. ಅಷ್ಟು ದೊಡ್ಡ ಮನುಷ್ಯರನ್ನು ಕೇಳೋದುಂಟೇ ಅಂತ ನಾನು ಮಾವನ ಅಂಗಿ ಜಗ್ಗುತ್ತಿದ್ದೆ. ಅಮಲ್ದಾರರೇ ಗಾಜು ಇಳಿಸಿ ಗಂಭೀರವಾಗಿ, "ಬಿಸವಂದ ಅಂದರೆ ಜಂಟಿ ಖಾತೆಗೆ ಸಹಿ ಹಾಕದೆ ತಪ್ಪಿಸಿಕೊಂಡು ತಿರುಗುವ ತಮ್ಮ" ಅಂದರು. ಅಬ್ಬಬ್ಬಾ! ಅವತ್ತು ಬಿದ್ದ ಹಾರ್ನಿಗೆ ಬರುತ್ತಿದ್ದ ರೈಲೇ ಬೆದರಿರಬೇಕು! ನಿಜವಾದ ಅರ್ಥ 'ಆಶ್ಚರ್ಯ' ಅಂತ. ಯಾರಿಗೆ ಬೇಕ್ರೀ ಅದು? ಒಂದು ತಿಂಗಳಿಗೆ ಅಜ್ಜಂಪುರದ ಕಚೇರಿಗೊಂದು ಅರ್ಜಿ ಬಂತು: 'ನನ್ನ ಬಿಸವಂದನು ಎರಡು ವರ್ಷದಿಂದ ಕೈಗೆ ಸಿಗುತ್ತಿಲ್ಲ, ದಯಮಾಡಿ ಕರೆಸಿ ಬುದ್ಧಿ ಹೇಳಬೇಕು.' ಗುಮಾಸ್ತರು ತಲೆ ಕೆರೆದುಕೊಂಡರಂತೆ. ಅಮಲ್ದಾರರಿಗೆ ಮಾತ್ರ ಒಂದೇ ಓದಿಗೆ ಅರ್ಥವಾಯಿತು!

ಈ ಆಟ ಕಂಡರೆ ಆಗದಿದ್ದವರು ಒಬ್ಬರೇ, ನಮ್ಮ ಅತ್ತೆ. ಮಧ್ಯಾಹ್ನ ಊಟದ ಕ್ಯಾರಿಯರ್ ತಂದು ಬೆಂಚಿನ ಮೇಲೆ ಕುಕ್ಕಿ, "ಬೇಳೆ ತನ್ನಿ ಅಂದ್ರೆ ನೆನಪಿರಲ್ಲ, ಹಾಳು ಪದ ಮಾತ್ರ ನೆನಪಿರ್ತವೆ. ಹೋಗೋ ಬರೋರ ಹತ್ರ ಸುಳ್ಳು ಹೇಳಿಸ್ತೀರಲ್ಲ, ನಾಚ್ಕೆ ಆಗಲ್ವಾ?" ಅಂತ ಬೈದೇ ಹೋಗೋರು. ಒಂದು ದಿನವೂ ಹಲಗೆ ಕಡೆ ಕಣ್ಣೆತ್ತಿದವರಲ್ಲ.

ಆಮೇಲೆ ಗೇಟು ತೆಗೆದು ಅಂಡರ್‌ಪಾಸ್ ಮಾಡಿದರು.

ಊರಿಗೆಲ್ಲ ಖುಷಿ. ಸುಳ್ಳು ಯಾಕೆ ಹೇಳಲಿ, ನನಗೂ ಖುಷಿಯೇ. ಕಾಯೋದು ತಪ್ಪಿತಲ್ಲ! ಆದರೆ ನಿಲ್ಲದ ಗಾಡಿಯವನ ಹತ್ತಿರ ಅರ್ಥ ಕೇಳೋದು ಹೇಗೆ? ಮಾವ ಸುಮ್ಮನಾಗುವ ಪೈಕಿಯೇ? ಕೆಂಪು ಟವೆಲ್ ಬೀಸಿ ಬಸ್ಸನ್ನೇ ನಿಲ್ಲಿಸಿಬಿಟ್ಟರು! ಕಂಡಕ್ಟರ್ ಗಾಬರಿಯಾಗಿ ಇಳಿದ.

"ಏನ್ ಯಜಮಾನ್ರೇ, ಮುಂದೆ ನೀರು ನಿಂತಿದ್ಯಾ?"

"ಇಲ್ಲಪ್ಪಾ. 'ಜಕ್ಕುಲಿಸು' ಅಂದ್ರೇನು ಹೇಳು!"

"ರೈಟ್ ರೈಟ್!"

ಅವನು ಅರ್ಥ ಹೇಳಿದ್ದೋ ಬಸ್ಸು ಬಿಟ್ಟಿದ್ದೋ, ಮಾವನಿಗೆ ಇವತ್ತಿಗೂ ಅನುಮಾನ!

ಅದೇ ಕೊನೆ. ಆಮೇಲೆ ರಸ್ತೆಗೆ ಇಳಿಯೋದು ಬಿಟ್ಟರು. ಹಲಗೆ ಮೇಲೆ 'ಉಲುಹು' ಅಂತ ಬರೆದದ್ದು ಹಾಗೇ ಉಳಿಯಿತು, ಒಂದು ವಾರ, ಎರಡು ವಾರ. ನನಗೆ ಚೀಟಿ ಕೊಡೋದೂ ನಿಂತಿತು. ಒಂದು ಸಂಜೆ ಅತ್ತೆ ನನ್ನ ಬೈಕಿಗೆ ಅಡ್ಡ ಬಂದು, "ಮನೇಲಿ ಒಂದು ಮಾತಿಲ್ಲ ಕಣೋ. ಸಾರಿಗೆ ಉಪ್ಪು ಹಾಕದೇ ಕೊಟ್ಟು ನೋಡಿದೆ, ಹಾಗೇ ಉಂಡು ಎದ್ದೋದ್ರು. ಏನಾದ್ರೂ ಮಾಡೋ" ಅಂದರು. ನಾನೇನು ಮಾಡಲಿ? ನಿಜ ಹೇಳಿ ಹೇಳಿ ಸೋತವನು!

ಮಾರನೇ ದಿನ ಮಧ್ಯಾಹ್ನ ನಾನು ಅಂಗಡಿಯಲ್ಲೇ ಇದ್ದೆ. ಅತ್ತೆ ಕ್ಯಾರಿಯರ್ ತಂದರು. ಕುಕ್ಕಲಿಲ್ಲ, ಮೆಲ್ಲಗೆ ಇಟ್ಟರು. ಸೆರಗು ಸರಿಮಾಡಿಕೊಂಡು, ಪರೀಕ್ಷೆಗೆ ಬಂದವರ ಹಾಗೆ ಹಲಗೆ ಮುಂದೆ ನಿಂತು ಒಂದೊಂದೇ ಅಕ್ಷರ ಕೂಡಿಸಿ ಓದಿದರು.

"ರೀ, ನಾನು ಹೇಳ್ಲಾ?"

ಮಾವ ತಲೆ ಎತ್ತಿದರು.

"ಉಲುಹು ಅಂದ್ರೆ... ಮಾತು ಬಿಟ್ಟೋರ ಮನೇಲಿ, ಕುಕ್ಕರ್ ಕೂಗಿದ್ರೂ ಯಾರೋ ಕರೆದ್ರು ಅಂತ 'ಹ್ಞಾಂ, ಬಂದೆ' ಅಂದ್ಬಿಡೋದು."

ನನಗೆ ನಗು ಬರಬೇಕಿತ್ತು. ಬರಲಿಲ್ಲ. ನಿಘಂಟಿನಲ್ಲಿ ಅದಕ್ಕೆ ಬರೀ 'ದನಿ' ಅಂತಿದೆ, ಆಮೇಲೆ ನೋಡಿದೆ.

ಮಾವ ಕೈಯ ಗ್ರೀಸನ್ನು ಬಟ್ಟೆಯಿಂದ ಎಷ್ಟು ಹೊತ್ತು ಒರೆಸಿದರೋ! ಕೊನೆಗೆ ಎದ್ದು ಹಲಗೆ ಅಳಿಸಿ, ಸ್ಟೂಲನ್ನು ಅತ್ತೆಯ ಕಡೆ ತಳ್ಳಿ, "ಕೂತ್ಕೋ. ಇದಕ್ಕಿಂತ ಕಷ್ಟದ್ದು ಬರೀತೀನಿ" ಅಂದರು.

"ಮೊದ್ಲು ಕೈ ತೊಳ್ಕಂಡು ಬನ್ನಿ. ಉಂಡು ಬರೀವಿರಂತೆ" ಅಂದರು ಅತ್ತೆ, ಕ್ಯಾರಿಯರ್ ಬಿಚ್ಚುತ್ತಾ. "ಸಾರಿಗೆ ಉಪ್ಪು ಹಾಕಿದೀನಿ."