ಮಂಗಳ ಗ್ರಹದ ಸಂಸಾರ

ಬೇರೆ ಗ್ರಹದವರು ಬರುವ ಸಿನಿಮಾ, ಕಾಮಿಕ್ಸ್ ಅಂದರೆ ನನಗೂ ನಮ್ಮವರಿಗೂ ಪ್ರಾಣ. ಇದರಿಂದ ಯಾರಿಗೂ ತೊಂದರೆಯಿಲ್ಲ. ಆದರೂ ನಮ್ಮನ್ನು ಕಂಡರೆ ಜನಕ್ಕೆ ಏನಾದರೂ ಒಂದು ಆಗುತ್ತಲೇ ಇರುತ್ತದೆ. ಆಕಾಶದಾಚೆ ಬುದ್ಧಿಯಿರುವ ಜೀವಿಗಳು ಇದ್ದಾವೋ ಇಲ್ಲವೋ ತಿಳಿಯದು, ಅಕ್ಕಪಕ್ಕದಲ್ಲಂತೂ ಕಡಿಮೆ.

ಕುಜ

ಶಿವಮೊಗ್ಗ ವಿನೋಬನಗರದ ನಮ್ಮ ಮನೆಗೆ, ಭದ್ರಾವತಿ ಕಾಗದ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದ ಅವರು ಹೆಣ್ಣು ನೋಡಲು ಬಂದಿದ್ದರು. ಹಿರಿಯರು ನಮ್ಮಿಬ್ಬರನ್ನು ಮಾತಾಡಲು ರೂಮಿಗೆ ಕಳಿಸಿದರು. ಅವರ ಕಣ್ಣು ನೇರ ನನ್ನ ಕಾಮಿಕ್ಸ್ ರಾಶಿಗೆ ಹೋಯಿತು.

"ಇವು ನಿಮ್ಮವಾ?"

"ನನ್ನ ತಮ್ಮನವು ಅನ್ನಬೇಕಂತ ಅಮ್ಮ ಹೇಳಿದ್ದಾರೆ."

ಅವರು ನಕ್ಕರು. "ಮಂಗಳ ಗ್ರಹದಲ್ಲಿ ಮನೆ ಮಾಡೋ ಕಥೆ ಓದಿದ್ದೀರಾ? ಕೊನೇಲಿ ಹೆಂಡ್ತಿ ಸತ್ತುಹೋಗ್ತಾಳೆ."

ಬಾಗಿಲಿಗೆ ಕಿವಿಯಿಟ್ಟಿದ್ದ ನಮ್ಮ ಚಿಕ್ಕಮ್ಮ ಹಜಾರಕ್ಕೆ ಓಡಿದಳು. "ಹುಡುಗನಿಗೆ ಕುಜದೋಷವಂತೆ! ಹೆಂಡ್ತಿ ಸಾಯ್ತಾಳಂತೆ! ಅವನ ಬಾಯಲ್ಲೇ ಬಂತು!"

ಕಾಫಿ ಲೋಟಗಳು ಕೆಳಗಿಳಿದವು. ಅವರಮ್ಮನ ಮುಖ ಕೆಂಪಾಯಿತು. ಕೈಗೆ ಬಂದ ಸಂಬಂಧ ಹೋಯಿತೆಂದು ನನಗೆ ಅಳುವೇ ಬಂತು. ಅದು ಕಾಮಿಕ್ಸಿನ ಕಥೆ ಎಂದರೂ ಯಾರೂ ಕೇಳದೆ, ಪುರೋಹಿತರನ್ನು ಕರೆಸಿ ಎರಡೂ ಜಾತಕ ಮತ್ತೆ ಬಿಚ್ಚಿಸಿದ್ದಾಯಿತು. ಅವರು ಕನ್ನಡಕ ಸರಿಮಾಡಿಕೊಂಡು ಹೇಳಿದರು: "ಇಬ್ಬರಿಗೂ ಕುಜದೋಷ ಇಲ್ಲ. ಕುಜನ ಮೇಲೆ ಮನೆ ಮಾಡೋ ಯೋಗವೂ ಇಲ್ಲ. ಭದ್ರಾವತಿ ಕ್ವಾರ್ಟರ್ಸೇ ಗತಿ."

ಕೊನೇ ಪುಟ

ಹಾಗೆ ಭದ್ರಾವತಿ ಕಾಗದನಗರದ ಕ್ವಾರ್ಟರ್ಸಿಗೆ ಬಂದೆ. ಕಾಗದಕ್ಕೆ ಬರವಿಲ್ಲದ ಊರು. ಆದರೂ ಪಕ್ಕದ ಮನೆಯಾಕೆ, ನಾವಿಬ್ಬರೂ ಇನ್ನೂ ಓದಿರದ ಕಾಮಿಕ್ಸ್ ಒಂದನ್ನು ಕೇಳಿ ಒಯ್ದು, ಕೊನೇ ಪುಟ ಹರಿದು ವಾಪಸ್ ಕೊಟ್ಟಳು.

"ಆ ಪುಟ ಎಲ್ಲಿ?"

"ಅದರಲ್ಲಿ ಮಗುವಿನ ಮೂಗು ಒರೆಸಿದೆ. ಒಂದು ಹಾಳೆ ತಾನೆ?"

"ಅಯ್ಯೋ, ಭೂಮಿ ಉಳೀತೋ ಇಲ್ವೋ ಅನ್ನೋದು ಅದರಲ್ಲೇ ಇತ್ತು!"

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಉಳಿದಿದೆಯಲ್ಲ ಮಾರಾಯ್ತಿ, ಅದರ ಮೇಲೇ ನಿಂತಿದ್ದೀಯಲ್ಲ!"

ರೀಲು

ಒಂದು ಭಾನುವಾರ ಶಿವಮೊಗ್ಗದ ಟಾಕೀಸಿಗೆ ಇಂಗ್ಲಿಷ್ ಸಿನಿಮಾ ನೋಡಲು ಹೋದೆವು. ಇಂಟರ್ವಲ್‌ಗೆ ಮುಂಚೆಯೇ ಭೂಮಿಯನ್ನು ಕಾಪಾಡಿದ ಹೀರೋ, ಇಂಟರ್ವಲ್ ಆದ ಮೇಲೆ ಶತ್ರುಗಳು ಬರುವುದನ್ನೇ ಕಾಯುತ್ತಾ ಕೂತ. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ನಮ್ಮವರ ಆಫೀಸಿನ ಸಾಹೇಬರೂ ಹಿಂದಿನ ಸಾಲಿನಲ್ಲೇ ಇದ್ದರು. ಇಂಗ್ಲಿಷ್ ಪಿಕ್ಚರ್ ತಮ್ಮೊಬ್ಬರಿಗೇ ತಿಳಿಯುತ್ತದೆಂಬ ಗತ್ತು. ಬಗ್ಗಿ ಹೇಳಿದರು: "ಕಾಲ ಹಿಂದಕ್ಕೆ ಹೋಗ್ತಾ ಇದೆ. ಡೈರೆಕ್ಟರ್ ಭಾಳ ಬುದ್ಧಿವಂತ. ನಿಮ್ಮಂಥೋರಿಗೆ ಅರ್ಥವಾಗಲ್ಲ."

ಹೊರಗೆ ಬಂದು ಗೇಟಿನವನನ್ನು ಕೇಳಿದೆ. "ರೀಲು ಅದಲು ಬದಲಾಗಿತ್ತಾ?"

"ಆಗಿತ್ತಕ್ಕಾ. ಯಾವುದು ಮೊದಲು ಹಾಕಿದ್ರೂ ಗೆಲ್ಲೋನು ಅವನೇ ತಾನೆ?"

ಪಕ್ಕದಲ್ಲೇ ನಿಂತು ಕೇಳಿಸಿಕೊಂಡ ಸಾಹೇಬರ ಸ್ಕೂಟರು ಅವತ್ತು ಒಂದೇ ಕಿಕ್ಕಿಗೆ ಸ್ಟಾರ್ಟ್ ಆಯಿತು.

ವಿಶೇಷ

ಮದುವೆಯಾಗಿ ವರ್ಷಗಳಾದರೂ ನಮಗೆ ಮಕ್ಕಳಾಗಿರಲಿಲ್ಲ. "ಏನಾದರೂ ವಿಶೇಷ?" ಎಂದು ಕೇಳದ ಬಾಯಿ ಇರಲಿಲ್ಲ. ಹಾಲು ಹಾಕುವವನೂ ಕೇಳುತ್ತಿದ್ದ.

ಒಂದು ಸಂಜೆ ನಮ್ಮವರು ಶಿವಮೊಗ್ಗದ ಹಳೇ ಪುಸ್ತಕದ ಅಂಗಡಿಯಿಂದ ಒಂದು ಚೀಲ ಕಾಮಿಕ್ಸ್, ಸಾಲದ್ದಕ್ಕೆ ಕೀಲಿ ಕೊಟ್ಟರೆ ನಡೆಯುವ ತಗಡಿನ ರೋಬೋ ಹೊತ್ತು ತಂದರು. ಬೀದಿಯ ಹೆಂಗಸರು ನೋಡಿದ್ದೇ ತಡ, ಸುದ್ದಿ ಬಸ್ಸಿಗಿಂತ ಮುಂಚೆ ಶಿವಮೊಗ್ಗದ ಅತ್ತೆ ಮನೆ ಮುಟ್ಟಿತು. ಮಾರನೇ ದಿನ ಬೆಳಿಗ್ಗೆ ಅತ್ತೆ ಹಾಜರು. ಕೈಯಲ್ಲಿ ಹಸಿರು ಸೀರೆ, ಬಳೆ, ಮಲ್ಲಿಗೆ ದಂಡೆ, ಡಬ್ಬಿ ತುಂಬ ರವೆ ಉಂಡೆ. ಹಿಂದೆ ಬೀದಿಯೇ ಇತ್ತು.

"ನನಗೇ ಹೇಳ್ಲಿಲ್ವಲ್ಲೇ!" ಎಂದು ಕಣ್ಣೊರೆಸಿಕೊಂಡರು.

"ಅತ್ತೆ, ಹಾಗೇನೂ ಇಲ್ಲ."

"ಮತ್ತೆ ಆ ಪುಸ್ತಕ ಯಾರಿಗೆ?"

"ನನಗೆ."

"ಆ ಗೊಂಬೆ?"

ನಮ್ಮವರು ನೆಲ ನೋಡುತ್ತಾ ಹೇಳಿದರು, "ನಂದು, ಅಮ್ಮ."

ಬಾಗಿಲಲ್ಲಿ ಯಾರೋ ಕಿಸಕ್ಕೆಂದರು. ಪಕ್ಕದ ಮನೆಯಾಕೆ ಬಾಯಲ್ಲಿ ಬೆಣ್ಣೆ ಇಟ್ಟುಕೊಂಡವಳಂತೆ, "ಪಾಪ, ಇವರಿಗೆ ಮಕ್ಕಳು ಯಾವಾಗಲೋ!" ಎಂದಳು.

ಅತ್ತೆ ನಮ್ಮಿಬ್ಬರನ್ನೂ ಒಮ್ಮೆ ನೋಡಿದರು. ಡಬ್ಬಿ ತೆಗೆದು ನನ್ನ ಕೈಗೊಂದು, ಮಗನ ಕೈಗೊಂದು ಉಂಡೆ ಇಟ್ಟು, ಆಕೆಯತ್ತ ತಿರುಗಿ ಗದರಿದರು:

"ಯಾವಾಗಲೋ ಅಂದ್ರೆ? ಕಣ್ಣು ಕಾಣಲ್ವಾ ನಿಂಗೆ? ಎರಡು ಆಗಲೇ ಇದಾವಲ್ಲ!"