ಕರ್ಮ ಬೇಡುವ ಕ್ರಿಯಾಪದಗಳು

ಇಂಗ್ಲಿಷ್ ವ್ಯಾಕರಣ ಬರೆದವರಿಗೆ ಮನೆಯಲ್ಲಿ ಬೇರೆ ಕೆಲಸವೇ ಇರಲಿಲ್ಲವೇ ಎಂಬುದು ನಮ್ಮ ಗುಮಾಸ್ತರ ಬಹುದಿನದ ಕೊರಗು. ನೀರು ಸರಬರಾಜು ಕಚೇರಿಯಲ್ಲಿ ಬಡ್ತಿ ಬೇಕೆಂದರೆ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು. ಅದರಲ್ಲಿ ಅವರು ಎರಡು ಸಲ ಮಕಾಡೆ ಮಲಗಿದ್ದರು. ಎರಡು ಸಲವೂ ಕಾಲೆಳೆದದ್ದು ಸಕರ್ಮಕ, ಅಕರ್ಮಕ ಎಂಬ ಅವಳಿ ಮಹಾಶಯರು. ಈ ಸಲವೂ ಹೋದರೆ, ಇವರ ಹತ್ತಿರವೇ ಫೈಲು ಕಟ್ಟಲು ಕಲಿತ ಪಕ್ಕದ ಮೇಜಿನವನು ಇವರಿಗೇ ಸಾಹೇಬನಾಗುತ್ತಾನೆ. ಅವನಿಗೆ ಎದ್ದು ನಿಂತು ನಮಸ್ಕಾರ ಹೊಡೆಯುವುದನ್ನು ನೆನೆಸಿಕೊಂಡರೇ ಗುಮಾಸ್ತರಿಗೆ ಊಟ ಸೇರುತ್ತಿರಲಿಲ್ಲ.

"ರೀ, ಬಾಯಿಪಾಠ ಮಾಡಿದ್ರೆ ಇದು ತಲೆಗೆ ಹತ್ತೋದಿಲ್ಲ," ಎಂದಳು ಗ್ರಂಥಾಲಯದಲ್ಲಿ ಕೆಲಸ ಮಾಡುವ ಹೆಂಡತಿ. "ಕೈಯಾರೆ ಮಾಡಿ ನೋಡ್ಬೇಕು. ವಾಶ್ ಅಂದ್ರೆ ತೊಳೆಯೋದು. ಏನನ್ನ?"

"ಏನನ್ನ ಅಂದ್ರೆ?"

"ಅಡುಗೆಮನೆಗೆ ಹೋಗಿ, ಗೊತ್ತಾಗುತ್ತೆ."

ಸಿಂಕಿನ ತುಂಬ ಪಾತ್ರೆಗಳಿದ್ದವು. ಕುಕ್ಕರಿನ ತಳ ಉಜ್ಜುತ್ತಿದ್ದ ಹಾಗೆ ಗುಮಾಸ್ತರ ಜ್ಞಾನಚಕ್ಷು ತೆರೆಯಿತು. ಹೌದಲ್ಲ! ಪಾತ್ರೆಯೇ ಇಲ್ಲದಿದ್ದರೆ ತೊಳೆಯುವುದು ಏನನ್ನು? ಈ ಕ್ರಿಯಾಪದಕ್ಕೆ ಕರ್ಮ ಬೇಕೇ ಬೇಕು. (ಅದು ಯಾರ ಕರ್ಮ ಎಂಬ ಪ್ರಶ್ನೆ ಆಗ ಅವರಿಗೆ ಹೊಳೆಯಲಿಲ್ಲ.)

"ಈಗ ಸ್ಲೀಪ್," ಎಂದಳು.

ಸೋಫಾದ ಮೇಲೆ ಉರುಳಿದರು. ಏನನ್ನೂ ಯಾರನ್ನೂ ಕೇಳದ, ಎಂಥ ಸ್ವಾವಲಂಬಿ ಪದ! ಇನ್ನಷ್ಟು ಆಳವಾಗಿ ಅಧ್ಯಯನ ಮಾಡೋಣವೆಂದು ಕಣ್ಣು ಮುಚ್ಚಿದರು.

"ಅರ್ಥ ಆಯ್ತಲ್ಲ, ಏಳಿ. ಮುಂದಿನದು ಸ್ವೀಪ್."

ಹೀಗೆ ಮನೆ ಗುಡಿಸಿ ಆಯಿತು, ಬಟ್ಟೆ ಮಡಚಿ ಆಯಿತು. ಕುತೂಹಲ ಹೆಚ್ಚಿದಂತೆ ಗುಮಾಸ್ತರೇ ಹೊಸ ಹೊಸ ಪದ ಹುಡುಕಿಕೊಂಡು ಬರತೊಡಗಿದರು. ಅವರ ತಾಯಿಗೂ ವಿದ್ಯೆಯ ಮೇಲೆ ಆಸೆ ಹುಟ್ಟಿತು.

"ಮಗಾ, ಫ್ಯಾನ್ ಒರೆಸೋದು ಯಾವುದರಲ್ಲಿ ಬರುತ್ತಪ್ಪ?"

"ಸಕರ್ಮಕ ಅಮ್ಮ!"

"ಹಾಗಾದ್ರೆ ಸ್ಟೂಲ್ ತಗೊಂಡ್ಬಾ."

ಒಂದು ದಿನ ಒರೆಸಿಡುವಾಗ ತಾಯಿಯ ಗಾಜಿನ ಲೋಟ ಕೈಜಾರಿತು.

"ಲೋಟ ಒಡೀತು ಕಣೇ," ಎಂದರು ಗುಮಾಸ್ತರು.

"ಅದಾಗದೇ ಒಡೀತಾ? ನೀವು ಲೋಟ ಒಡೆದ್ರಿ ಅನ್ನಿ!"

ಬೈಗುಳ ಕೇಳುತ್ತಲೇ ಗುಮಾಸ್ತರು ಚೂರುಗಳ ನಡುವೆ ಕುಣಿಯುವುದೊಂದು ಬಾಕಿ. ಒಂದೇ ಪದ ಎರಡು ವೇಷ ಹಾಕುತ್ತದೆ! ಕರ್ಮ ಜೊತೆಗಿದ್ದರೆ ಸಕರ್ಮಕ, ತಪ್ಪನ್ನು ಲೋಟದ ಮೇಲೆ ಹಾಕಿದರೆ ಅಕರ್ಮಕ. ಇಂಗ್ಲಿಷಿನ ಬ್ರೇಕ್ ಕೂಡ ಹೀಗೇ! ಇಷ್ಟು ವರ್ಷ ಇದನ್ನು ತಿಳಿಯದೆ ಎಷ್ಟು ಲೋಟ ಒಡೆದಿದ್ದೆನಲ್ಲ ಎಂದು ನಿಜವಾಗಿಯೂ ಬೇಸರವಾಯಿತು.

ಪರೀಕ್ಷೆಯ ಕೋಣೆಯಲ್ಲಿ ಗುಮಾಸ್ತರು ಪ್ರತಿ ಪದಕ್ಕೂ ಪೆನ್ನು ಕೆಳಗಿಟ್ಟು ಗಾಳಿಯಲ್ಲೇ ಉಜ್ಜಿದರು, ಗುಡಿಸಿದರು, ಕಾಣದ ಬೆಡ್‌ಶೀಟಿನ ನಾಲ್ಕು ಮೂಲೆ ಜೋಡಿಸಿದರು. ಮೇಲ್ವಿಚಾರಕರು ಓಡಿ ಬಂದರು.

"ಏನ್ರೀ, ಯಾರಿಗೆ ಸನ್ನೆ ಮಾಡ್ತಿದೀರಿ?"

"ಯಾರಿಗೂ ಇಲ್ಲ ಸಾರ್, ಬಟ್ಟೆ ಮಡಚ್ತಿದೀನಿ."

ಮೇಲ್ವಿಚಾರಕರು ಅವರ ಮುಖವನ್ನೇ ನೋಡಿ, "ನೀರು ಕುಡೀರಿ," ಎಂದು ಹೇಳಿ ಹೋದರು.

ಪಾಸಾದರು! ಪಕ್ಕದ ಮೇಜಿನವನೇ ಎದ್ದು ನಿಂತು ನಮಸ್ಕಾರ ಹೊಡೆದ. ಇನ್ನು ಜನ್ಮದಲ್ಲಿ ಪೊರಕೆ ಮುಟ್ಟುವುದಿಲ್ಲ, ಸೋಫಾ ಬಿಟ್ಟು ಏಳುವುದಿಲ್ಲ ಎಂದುಕೊಂಡು ಗುಮಾಸ್ತರು ಮನೆಗೆ ಬಂದರು. ಸೋಫಾದ ಮೇಲೆ ಹೆಂಡತಿ ಕಾಲು ಚಾಚಿ ಮಲಗಿದ್ದಳು.

ಸುದ್ದಿ ಕೇಳಿ ಅವಳ ಮುಖ ಅರಳಿತು. "ನಂಗೆ ಗೊತ್ತಿತ್ತು ರೀ! ಬರೋ ತಿಂಗಳು ನಮ್ಮ ಗ್ರಂಥಾಲಯದಲ್ಲೂ ಇದೇ ಪರೀಕ್ಷೆ. ನೀವೇ ಹೇಳ್ಕೊಡ್ಬೇಕು."

ಗುಮಾಸ್ತರ ಎದೆ ಉಬ್ಬಿತು. "ಅದಕ್ಕೇನಂತೆ! ನೋಡು, ವಾಶ್ ಅಂದ್ರೆ..."

"ಬಾಯಲ್ಲಿ ಹೇಳಿದ್ರೆ ಹತ್ತೋದಿಲ್ಲ. ಮಾಡಿ ತೋರಿಸಿ."

"ಕಲಿಯೋಳು ನೀನಲ್ವೇನೇ? ನೀನು ಮಾಡ್ಬೇಕು!"

"ನಾನು ಮಾಡ್ತಾನೇ ಇದೀನಲ್ಲ. ಅಕರ್ಮಕದಿಂದ ಶುರು ಮಾಡಿದೀನಿ," ಎಂದು ಅವಳು ಮಗ್ಗುಲು ಬದಲಿಸಿ ಕಣ್ಣು ಮುಚ್ಚಿದಳು.

ಒಳಗಿನಿಂದ ತಾಯಿ ಸ್ಟೂಲು ಎಳೆದುಕೊಂಡು ಬರುವ ಸದ್ದು ಕೇಳಿಸಿತು.